ಪೈಪಿಐಗೆ ಹಾಕುವ ಮೊದಲು ಪೈಥಾನ್ ಲೈಬ್ರರಿಯನ್ನು ನಿಮ್ಮ ಕಂಪ್ಯೂಟರಿನಲ್ಲೇ ಪರೀಕ್ಷಿಸುವುದು ಹೇಗೆ?

“ನನ್ನ ಕಂಪ್ಯೂಟರಿನಲ್ಲಿ ಎಲ್ಲ ಟೆಸ್ಟೂ ಪಾಸಾಗಿತ್ತು. ಪೈಪಿಐಗೆ ಹಾಕಿದೆ. ಗೆಳೆಯ ಇನ್‌ಸ್ಟಾಲ್ ಮಾಡಿಕೊಂಡರೆ ಇಂಪೋರ್ಟ್ ಕೂಡ ಆಗುತ್ತಿಲ್ಲ. ಏನು ತಪ್ಪಾಯಿತು?”

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಿದೆ. ಕೇಳುವವರು ಬೇರೆ ಬೇರೆ, ಕಾರಣ ಮಾತ್ರ ಹೆಚ್ಚುಕಡಿಮೆ ಒಂದೇ. ಅವರು ಪರೀಕ್ಷೆ ಮಾಡಿದ್ದು ತಮ್ಮ ಪ್ರಾಜೆಕ್ಟ್ ಫೋಲ್ಡರನ್ನು. ಗೆಳೆಯನ ಕೈಗೆ ಸಿಕ್ಕಿದ್ದು ಆ ಫೋಲ್ಡರಿನಿಂದ ಕಟ್ಟಿದ ಇನ್ನೊಂದು ಫೈಲು. ಫೋಲ್ಡರಿನಲ್ಲಿ ಇದ್ದದ್ದೆಲ್ಲ ಆ ಫೈಲಿನೊಳಗೆ ಹೋಗಿದೆಯೇ ಅಂತ ಯಾರೂ ನೋಡಿರುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ಹೇಳುವುದೆಲ್ಲ ಒಂದೇ ಕೆಲಸದ ಸುತ್ತ: ಜನರಿಗೆ ತಲುಪುವ ಫೈಲನ್ನೇ ತೆಗೆದುಕೊಂಡು, ನಿಮ್ಮ ಫೋಲ್ಡರಿನಿಂದ ಹೊರಗೆ ನಿಂತು ಪರೀಕ್ಷೆ ಮಾಡಿ.

ಪೈಪಿಐ ಅಂದರೆ ಪೈಥಾನ್ ಪ್ಯಾಕೇಜ್‌ಗಳ ಸಾರ್ವಜನಿಕ ಉಗ್ರಾಣ. ‘ಪಿಪ್ ಇನ್‌ಸ್ಟಾಲ್’ ಅಂದಾಗ ಫೈಲು ಬರುವುದು ಅಲ್ಲಿಂದ. ಅಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಒಮ್ಮೆ ಏರಿಸಿದ ಫೈಲಿನ ಹೆಸರನ್ನು ಮತ್ತೆ ಬಳಸಲು ಬಿಡುವುದಿಲ್ಲ, ನೀವು ಅದನ್ನು ಅಳಿಸಿದರೂ ಸರಿಯೇ. 0.1.0 ಕೆಟ್ಟರೆ ಕೆಟ್ಟಿತು. ತಿದ್ದಿದ್ದನ್ನು 0.1.1 ಅಂತಲೇ ಹಾಕಬೇಕು. ಮನೆಯಲ್ಲೇ ಪರೀಕ್ಷೆ ಮಾಡಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಉದಾಹರಣೆಗೆ ಒಂದು ಪುಟ್ಟ ಲೈಬ್ರರಿಯನ್ನು ಊಹಿಸಿಕೊಳ್ಳೋಣ. ಹೆಸರು ‘ಎಣಿಕೆ’. 125000 ಅಂತ ಕೊಟ್ಟರೆ ‘ಒಂದು ಲಕ್ಷದ ಇಪ್ಪತ್ತೈದು ಸಾವಿರ’ ಅಂತ ಹೇಳುತ್ತದೆ. ಕನ್ನಡ ಪದಗಳೆಲ್ಲ ‘ಪದಗಳು.ಜೇಸನ್’ ಎಂಬ ಫೈಲಿನಲ್ಲಿವೆ. ಕೋಡ್ ಜೊತೆ ಹೀಗೆ ಒಂದು ಡೇಟಾ ಫೈಲು ಇದ್ದರೆ ತಪ್ಪುಗಳು ಚೆನ್ನಾಗಿ ಕಾಣುತ್ತವೆ.

ಬೇಕಾಗುವುದು

ಪೈಥಾನ್, ಪಿಪ್, ಪ್ಯಾಕೇಜ್ ಕಟ್ಟುವ ‘ಬಿಲ್ಡ್’ ಮತ್ತು ಅದನ್ನು ಏರಿಸುವ ‘ಟ್ವೈನ್’ ಎಂಬ ಎರಡು ಉಪಕರಣ, ಟೆಸ್ಟ್ ಓಡಿಸಲು ‘ಪೈಟೆಸ್ಟ್’. ಇಷ್ಟೇ. ನಿಮ್ಮ ಪ್ರಾಜೆಕ್ಟಿನಲ್ಲಿ ‘ಪೈಪ್ರಾಜೆಕ್ಟ್.ಟಾಮಲ್’ ಫೈಲು ಇರಬೇಕು. ಪ್ಯಾಕೇಜಿನ ಹೆಸರು, ಆವೃತ್ತಿ, ಅದಕ್ಕೆ ಬೇಕಾದ ಇತರ ಲೈಬ್ರರಿಗಳು, ಎಲ್ಲವನ್ನೂ ಬರೆದಿಡುವ ಜಾಗ ಅದು.

ಕಮಾಂಡ್‌ಗಳನ್ನು ಇಲ್ಲಿ ಓದಿದಂತೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ಚುಕ್ಕಿ, ಗೆರೆ, ಓರೆಗೆರೆ ಇದ್ದ ಹಾಗೇ ಇರಲಿ.

1. ಫೋಲ್ಡರ್ ಜೋಡಣೆ ಸರಿಮಾಡಿಕೊಳ್ಳಿ

ಕೋಡನ್ನು ಪ್ರಾಜೆಕ್ಟ್ ಫೋಲ್ಡರಿನಲ್ಲಿ ನೇರವಾಗಿ ಇಡಬೇಡಿ. ‘ಎಸ್‌ಆರ್‌ಸಿ’ ಎಂಬ ಫೋಲ್ಡರ್ ಮಾಡಿ, ಅದರೊಳಗೆ ‘ಎಣಿಕೆ’ ಇಡಿ. ಟೆಸ್ಟ್‌ಗಳು ಹೊರಗೆ, ‘ಟೆಸ್ಟ್ಸ್’ ಫೋಲ್ಡರಿನಲ್ಲಿ.

ಇದರಿಂದ ಏನು ಲಾಭ? ಪೈಥಾನ್ ತೆರೆದು ಇಂಪೋರ್ಟ್ ಅಂದಾಗ ಅದು ಮೊದಲು ಹುಡುಕುವುದು ನೀವು ನಿಂತಿರುವ ಫೋಲ್ಡರಿನಲ್ಲಿ. ಕೋಡ್ ಅಲ್ಲೇ ಇದ್ದರೆ ಇನ್‌ಸ್ಟಾಲ್ ಆಗಿದೆಯೋ ಇಲ್ಲವೋ ನೋಡದೆ ಅದನ್ನೇ ಎತ್ತಿಕೊಳ್ಳುತ್ತದೆ. ನಿಮಗೆ ಎಲ್ಲ ಸರಿ ಇದೆ ಅನ್ನಿಸುತ್ತದೆ. ಕೋಡ್ ‘ಎಸ್‌ಆರ್‌ಸಿ’ ಒಳಗಿದ್ದರೆ ಹೀಗೆ ಸುಮ್ನೆ ಸಿಗುವುದಿಲ್ಲ. ಇನ್‌ಸ್ಟಾಲ್ ಆಗಿದ್ದರೆ ಮಾತ್ರ ಇಂಪೋರ್ಟ್ ಆಗುತ್ತದೆ.

2. ಬರೆಯುವಾಗ ‘ಎಡಿಟಬಲ್’ ಇನ್‌ಸ್ಟಾಲ್

ಕೋಡ್ ಬರೆಯುತ್ತಿರುವಾಗ ಪ್ರತಿ ಸಲ ಪ್ಯಾಕೇಜ್ ಕಟ್ಟುತ್ತಾ ಕೂರಲು ಆಗುವುದಿಲ್ಲ. ಅದಕ್ಕೆ ಇದು:

ಪಿಪ್ ಇನ್‌ಸ್ಟಾಲ್ -ಇ .

ಕೊನೆಯ ಚುಕ್ಕಿ ಬಿಡಬೇಡಿ, ‘ಇದೇ ಫೋಲ್ಡರ್’ ಅಂತ ಅದರ ಅರ್ಥ. ಪಿಪ್ ನಿಮ್ಮ ಕೋಡನ್ನು ನಕಲು ಮಾಡುವುದಿಲ್ಲ, ಅದರ ದಾರಿಯನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ. ನೀವು ಒಂದು ಸಾಲು ಬದಲಿಸಿದರೆ ಮುಂದಿನ ಸಲ ಓಡಿಸುವಾಗ ಅದೇ ಕಾಣುತ್ತದೆ.

ಎಚ್ಚರ: ಎಡಿಟಬಲ್‌ನಲ್ಲಿ ಪಾಸಾದ ಟೆಸ್ಟ್ ಕೋಡ್ ಸರಿ ಇದೆ ಅಂತ ಹೇಳುತ್ತದೆ. ಪ್ಯಾಕೇಜ್ ಸರಿ ಇದೆ ಅಂತ ಹೇಳುವುದಿಲ್ಲ. ‘ಪದಗಳು.ಜೇಸನ್’ ಪ್ಯಾಕೇಜಿಗೆ ಸೇರಲು ಮರೆತಿದ್ದರೂ ಎಡಿಟಬಲ್‌ನಲ್ಲಿ ಅದು ಸಿಗುತ್ತಲೇ ಇರುತ್ತದೆ, ನಿಮ್ಮ ಫೋಲ್ಡರಿನಲ್ಲಿ ಇದೆಯಲ್ಲ! ನನ್ನ ಮೊದಲ ಪ್ಯಾಕೇಜ್ ಹೊರಗೆ ಹೋಗಿ ಮುರಿದದ್ದೂ ಹೀಗೆಯೇ.

3. ಪ್ಯಾಕೇಜ್ ಕಟ್ಟಿ

ಹಳೆಯ ‘ಡಿಸ್ಟ್’ ಫೋಲ್ಡರ್ ಇದ್ದರೆ ಮೊದಲು ಅಳಿಸಿ. ಇಲ್ಲದಿದ್ದರೆ ಹಳೆಯ ಫೈಲುಗಳು ಹೊಸದರ ಜೊತೆ ಬೆರೆತು ಆಮೇಲೆ ಒಟ್ಟಿಗೇ ಏರಿಬಿಡುತ್ತವೆ. ನಂತರ:

ಪೈಥಾನ್ -ಎಂ ಬಿಲ್ಡ್

‘ಡಿಸ್ಟ್’ ಒಳಗೆ ಎರಡು ಫೈಲು ಬರುತ್ತವೆ. ಒಂದು ‘ಎಸ್‌ಡಿಸ್ಟ್’, ಅಂದರೆ ನಿಮ್ಮ ಮೂಲ ಕೋಡಿನ ಗಂಟು, ‘.ಟಾರ್.ಜಿಜೆಡ್’ ಅಂತ ಮುಗಿಯುತ್ತದೆ. ಇನ್ನೊಂದು ‘ವೀಲ್’. ಇದು ಇನ್‌ಸ್ಟಾಲ್‌ಗೆ ಸಿದ್ಧವಾದ ರೂಪ, ‘.ಡಬ್ಲ್ಯೂಎಚ್‌ಎಲ್’ ಅಂತ ಮುಗಿಯುತ್ತದೆ. ವೀಲ್‌ನ ಹೆಸರು ಉದ್ದಕ್ಕೆ ‘ಎಣಿಕೆ-0.1.0-ಪೈ3-ನನ್-ಎನಿ’ ಅಂತ ಇರುತ್ತದೆ. ‘ಪೈ3’ ಅಂದರೆ ಪೈಥಾನ್ 3ರ ಯಾವುದಾದರೂ. ‘ನನ್’ ಅಂದರೆ ಪೈಥಾನಿನ ಒಳರಚನೆಗೆ ಅಂಟಿಕೊಂಡಿಲ್ಲ. ‘ಎನಿ’ ಅಂದರೆ ವಿಂಡೋಸ್, ಲಿನಕ್ಸ್, ಮ್ಯಾಕ್ ಯಾವುದಾದರೂ ಸರಿ. ಸಿ ಭಾಷೆಯ ಕೋಡ್ ಒಳಗಿದ್ದರೆ ಇಲ್ಲಿ ಆಪರೇಟಿಂಗ್ ಸಿಸ್ಟಂ ಹೆಸರು ಬರುತ್ತದೆ. ಆಗ ಒಂದೊಂದಕ್ಕೂ ಬೇರೆ ವೀಲ್ ಕಟ್ಟಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ. ಮೇಲಿನ ಕಮಾಂಡ್ ಮೊದಲು ಎಸ್‌ಡಿಸ್ಟ್ ಕಟ್ಟಿ, ಆ ಎಸ್‌ಡಿಸ್ಟ್ ಬಿಚ್ಚಿ ಅದರಿಂದ ವೀಲ್ ಕಟ್ಟುತ್ತದೆ. ಎಸ್‌ಡಿಸ್ಟ್‌ನಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ವೀಲ್‌ನಲ್ಲೂ ಗೊತ್ತಾಗುತ್ತದೆ. ಬೇಗ ಆಗಲಿ ಅಂತ ‘--ವೀಲ್’ ಸೇರಿಸಿ ವೀಲ್ ಒಂದನ್ನೇ ಕಟ್ಟಿದರೆ ಈ ತಪಾಸಣೆ ತಪ್ಪಿಹೋಗುತ್ತದೆ.

4. ಒಳಗೇನಿದೆ ಅಂತ ಕಣ್ಣಾರೆ ನೋಡಿ

ಜನ ಜಾಸ್ತಿ ಬಿಟ್ಟುಬಿಡುವ ಹೆಜ್ಜೆ ಇದು. ಎರಡು ನಿಮಿಷವೂ ಬೇಡ. ವೀಲ್ ಅಂದರೆ ಒಂದು ಜಿಪ್ ಫೈಲು ಅಷ್ಟೇ:

ಪೈಥಾನ್ -ಎಂ ಜಿಪ್‌ಫೈಲ್ -ಎಲ್ ಡಿಸ್ಟ್/(ವೀಲ್ ಫೈಲಿನ ಹೆಸರು)

ಎಸ್‌ಡಿಸ್ಟ್‌ಗೆ:

ಟಾರ್ -ಟಿಎಫ್ ಡಿಸ್ಟ್/(ಎಸ್‌ಡಿಸ್ಟ್ ಫೈಲಿನ ಹೆಸರು)

ಪಟ್ಟಿ ಬರುತ್ತದೆ. ಎರಡು ಪ್ರಶ್ನೆ ಕೇಳಿಕೊಳ್ಳಿ. ಇರಬೇಕಾದದ್ದು ಇದೆಯೇ? ಇರಬಾರದ್ದು ಸೇರಿದೆಯೇ?

ಮೊದಲನೆಯದಕ್ಕೆ: ‘ಪದಗಳು.ಜೇಸನ್’ ಕಾಣಬೇಕು. ಕಾಣದಿದ್ದರೆ ಕಾರಣ ನೀವು ಬಳಸುವ ಬಿಲ್ಡ್ ಉಪಕರಣದ ಮೇಲಿದೆ. ‘ಸೆಟಪ್‌ಟೂಲ್ಸ್’ ಬಳಸುತ್ತಿದ್ದರೆ ಅದು ಪೈಥಾನ್ ಫೈಲುಗಳನ್ನು ತಾನೇ ಹುಡುಕಿಕೊಳ್ಳುತ್ತದೆ. ಬೇರೆ ಜಾತಿಯ ಫೈಲು ಬೇಕಿದ್ದರೆ ನೀವು ಹೇಳಬೇಕು. ಟಾಮಲ್ ಫೈಲಿನಲ್ಲಿ ‘ಪ್ಯಾಕೇಜ್-ಡೇಟಾ’ ಎಂಬ ಭಾಗದಲ್ಲಿ ಬರೆಯಿರಿ. ‘ಹ್ಯಾಚ್ಲಿಂಗ್’ ಬಳಸುತ್ತಿದ್ದರೆ ಅದು ಪ್ಯಾಕೇಜ್ ಫೋಲ್ಡರಿನಲ್ಲಿ ಇದ್ದದ್ದನ್ನೆಲ್ಲ ಸೇರಿಸುತ್ತದೆ, ಆದರೆ ‘ಗಿಟ್‌ಇಗ್ನೋರ್’ ಪಟ್ಟಿಯಲ್ಲಿ (ಗಿಟ್ ಲೆಕ್ಕಕ್ಕೆ ತೆಗೆದುಕೊಳ್ಳಬಾರದ ಫೈಲುಗಳ ಪಟ್ಟಿ) ಇರುವುದನ್ನು ಬಿಟ್ಟುಬಿಡುತ್ತದೆ. ಯಾವತ್ತೋ ‘ಎಲ್ಲ ಜೇಸನ್ ಫೈಲೂ ಬೇಡ’ ಅಂತ ಅಲ್ಲಿ ಬರೆದಿದ್ದರೆ ನಿಮ್ಮ ಡೇಟಾ ಸದ್ದಿಲ್ಲದೆ ಹೊರಗುಳಿಯುತ್ತದೆ.

ಎರಡನೆಯದು ಇನ್ನೂ ಮುಖ್ಯ. ಪಾಸ್‌ವರ್ಡ್, ಟೋಕನ್ (ಪಾಸ್‌ವರ್ಡಿನ ಬದಲು ಬಳಸುವ ಗುಟ್ಟಿನ ಸಂಕೇತ) ಇಟ್ಟ ‘.ಎನ್ವ್’ ಫೈಲು ಎಸ್‌ಡಿಸ್ಟ್‌ನಲ್ಲಿ ಸೇರಿಕೊಂಡಿದೆಯೇ ನೋಡಿ. ಗಿಟ್‌ಇಗ್ನೋರ್‌ನಲ್ಲಿ ಅದನ್ನು ಬರೆಯದಿದ್ದರೆ ಹ್ಯಾಚ್ಲಿಂಗ್ ಅದನ್ನೂ ಗಂಟು ಕಟ್ಟುತ್ತದೆ. ಪರೀಕ್ಷೆಗೆ ಇಟ್ಟುಕೊಂಡಿದ್ದ ಯಾರದೋ ಸ್ವಂತ ಮಾಹಿತಿ, ದೊಡ್ಡ ಚಿತ್ರಗಳು, ಇವನ್ನೂ ನೋಡಿ. ಪೈಪಿಐಗೆ ಹೋದ ಗುಟ್ಟು ಮತ್ತೆ ಗುಟ್ಟಾಗುವುದಿಲ್ಲ. ಫೈಲು ಅಳಿಸುವಷ್ಟರಲ್ಲಿ ಅದು ಇನ್ಯಾರದೋ ಕೈ ಸೇರಿರಬಹುದು. ಒಂದು ವೇಳೆ ಹೋಗಿಯೇ ಬಿಟ್ಟರೆ ಆ ಟೋಕನನ್ನು ತಕ್ಷಣ ರದ್ದು ಮಾಡಿ ಹೊಸದು ಪಡೆಯಿರಿ.

5. ಖಾಲಿ ಜಾಗದಲ್ಲಿ ಇನ್‌ಸ್ಟಾಲ್ ಮಾಡಿ

‘ವೆನ್ವ್’ ಅಂದರೆ ಒಂದು ಪ್ರತ್ಯೇಕ ಪೈಥಾನ್ ಕೋಣೆ. ಅದರೊಳಗೆ ಇನ್‌ಸ್ಟಾಲ್ ಮಾಡಿದ್ದು ಹೊರಗಿನದಕ್ಕೆ ತಾಗುವುದಿಲ್ಲ. ಪ್ರಾಜೆಕ್ಟ್ ಫೋಲ್ಡರಿನಿಂದ ಹೊರಗೆ ಬನ್ನಿ. ಬೇರೆ ಎಲ್ಲಾದರೂ ಹೊಸ ಫೋಲ್ಡರ್ ಮಾಡಿ, ಅಲ್ಲಿ:

ಪೈಥಾನ್ -ಎಂ ವೆನ್ವ್ ಪರೀಕ್ಷೆ

ಅದನ್ನು ಚಾಲೂ ಮಾಡಿ, ವೀಲ್ ಫೈಲಿನ ಪೂರ್ತಿ ದಾರಿ ಕೊಟ್ಟು ‘ಪಿಪ್ ಇನ್‌ಸ್ಟಾಲ್’ ಮಾಡಿ. ಈಗ ಮೊದಲು ಓಡಿಸಬೇಕಾದ ಸಾಲು ಇದು:

ಪೈಥಾನ್ -ಸಿ “ಇಂಪೋರ್ಟ್ ಎಣಿಕೆ; ಪ್ರಿಂಟ್(ಎಣಿಕೆ.__ಫೈಲ್__)”

ತೆರೆಯ ಮೇಲೆ ಒಂದು ದಾರಿ ಬರುತ್ತದೆ. ಅದರಲ್ಲಿ ‘ಸೈಟ್-ಪ್ಯಾಕೇಜಸ್’ ಅಂತ ಇದ್ದರೆ ನೀವು ಪರೀಕ್ಷಿಸುತ್ತಿರುವುದು ಇನ್‌ಸ್ಟಾಲ್ ಆದ ಪ್ಯಾಕೇಜ್. ನಿಮ್ಮ ಪ್ರಾಜೆಕ್ಟಿನ ದಾರಿ ಕಂಡರೆ ಅಲ್ಲೇ ನಿಲ್ಲಿ. ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಈ ಹೆಜ್ಜೆಯಲ್ಲಿ ಮೂರು ತೊಂದರೆ ಸಾಮಾನ್ಯ.

ಒಂದು, ಬರೆಯದ ಅವಲಂಬನೆ. ನಿಮ್ಮ ಕೋಡಿಗೆ ‘ರಿಕ್ವೆಸ್ಟ್ಸ್’ ಎಂಬ ಲೈಬ್ರರಿ ಬೇಕು ಅನ್ನಿ. ಬೇರೆ ಯಾವುದೋ ಕೆಲಸಕ್ಕೆ ನೀವು ಅದನ್ನು ಹಿಂದೆಯೇ ಇನ್‌ಸ್ಟಾಲ್ ಮಾಡಿರುತ್ತೀರಿ. ಟಾಮಲ್ ಫೈಲಿನಲ್ಲಿ ಬರೆಯಲು ಮರೆತದ್ದು ಗೊತ್ತಾಗುವುದೇ ಇಲ್ಲ. ಖಾಲಿ ವೆನ್ವ್‌ನಲ್ಲಿ ಮೊದಲ ಇಂಪೋರ್ಟ್‌ಗೇ ಬೀಳುತ್ತದೆ. ಬಿದ್ದರೆ ಒಳ್ಳೆಯದೇ, ಇಲ್ಲೇ ಸಿಕ್ಕಿತು.

ಎರಡು, ದಾರಿಯ ತಪ್ಪು. ಕೋಡಿನಲ್ಲಿ ‘ಓಪನ್’ ಎಂದು ಕರೆದು ‘ಎಸ್‌ಆರ್‌ಸಿ/ಎಣಿಕೆ/ಪದಗಳು.ಜೇಸನ್’ ಅಂತ ದಾರಿ ಕೊಟ್ಟಿದ್ದೀರಾ? ಅದು ಪ್ರಾಜೆಕ್ಟ್ ಫೋಲ್ಡರಿನಲ್ಲಿ ನಿಂತಾಗ ಮಾತ್ರ ನಡೆಯುತ್ತದೆ. ಬದಲಿಗೆ ‘ಇಂಪೋರ್ಟ್‌ಲಿಬ್.ರಿಸೋರ್ಸಸ್’ ಒಳಗಿನ ‘ಫೈಲ್ಸ್’ ಬಳಸಿ. ಪ್ಯಾಕೇಜ್ ಎಲ್ಲಿ ಇನ್‌ಸ್ಟಾಲ್ ಆಗಿದ್ದರೂ ಅದರೊಳಗಿನ ಫೈಲನ್ನು ಹುಡುಕಿಕೊಡುತ್ತದೆ. ಪೈಥಾನ್ 3.9ರಿಂದ ಇದೆ.

ಮೂರು, ಹಳೆಯದೇ ಉಳಿಯುವುದು. ತಪ್ಪು ತಿದ್ದಿ ಮತ್ತೆ ಕಟ್ಟುತ್ತೀರಿ, ಆವೃತ್ತಿ ಅದೇ 0.1.0. ಮತ್ತೆ ಇನ್‌ಸ್ಟಾಲ್ ಮಾಡಿದರೆ ಪಿಪ್ ‘ಇದೇ ಆವೃತ್ತಿ ಆಗಲೇ ಇದೆ’ ಅಂತ ಹೇಳಿ ಸುಮ್ಮನಾಗುತ್ತದೆ. ಆ ಸಾಲನ್ನು ನೋಡದೆ ಗಂಟೆಗಟ್ಟಲೆ ತಲೆಕೆಡಿಸಿಕೊಂಡವರನ್ನು ನಾನು ನೋಡಿದ್ದೇನೆ. ‘--ಫೋರ್ಸ್-ರೀಇನ್‌ಸ್ಟಾಲ್’ ಸೇರಿಸಿ. ನನ್ನನ್ನು ಕೇಳಿದರೆ ವೆನ್ವ್ ಅಳಿಸಿ ಹೊಸದು ಮಾಡುವುದೇ ಮೇಲು. ಅನುಮಾನಕ್ಕೆ ಜಾಗ ಇರುವುದಿಲ್ಲ.

ಇದೆಲ್ಲ ಆದ ಮೇಲೆ ಇನ್ನೊಂದು ಖಾಲಿ ವೆನ್ವ್‌ನಲ್ಲಿ ಎಸ್‌ಡಿಸ್ಟ್ ಫೈಲನ್ನೂ ಇನ್‌ಸ್ಟಾಲ್ ಮಾಡಿ ನೋಡಿ. ವೀಲ್ ಹೊಂದದ ಕಡೆ ಪಿಪ್ ಅದನ್ನೇ ಬಳಸುವುದು.

6. ಟೆಸ್ಟ್‌ಗಳನ್ನು ಇನ್‌ಸ್ಟಾಲ್ ಆದ ಪ್ಯಾಕೇಜಿನ ಮೇಲೆ ಓಡಿಸಿ

ಅದೇ ಖಾಲಿ ವೆನ್ವ್‌ನಲ್ಲಿ ಪೈಟೆಸ್ಟ್ ಹಾಕಿಕೊಳ್ಳಿ. ‘ಟೆಸ್ಟ್ಸ್’ ಫೋಲ್ಡರನ್ನು ಮಾತ್ರ ಅಲ್ಲಿಗೆ ನಕಲು ಮಾಡಿ ಓಡಿಸಿ. ನಂತರ ‘ಪಿಪ್ ಚೆಕ್’ ಅನ್ನಿ. ಇನ್‌ಸ್ಟಾಲ್ ಆದ ಲೈಬ್ರರಿಗಳ ಆವೃತ್ತಿಗಳು ಒಂದಕ್ಕೊಂದು ಹೊಂದುತ್ತವೆಯೇ ಅಂತ ಅದು ಹೇಳುತ್ತದೆ.

ಟಾಮಲ್ ಫೈಲಿನಲ್ಲಿ ‘ರಿಕ್ವೈರ್ಸ್-ಪೈಥಾನ್’ ಎಂಬ ಸಾಲು ಇರುತ್ತದೆ, ಎಷ್ಟು ಹಳೆಯ ಪೈಥಾನಿನವರೆಗೆ ನಡೆಯುತ್ತದೆ ಅಂತ. ಅಲ್ಲಿ 3.9 ಅಂತ ಬರೆದು ಕೋಡಿನಲ್ಲಿ ‘ಮ್ಯಾಚ್’ ಬಳಸಿದ್ದರೆ ಪ್ಯಾಕೇಜ್ 3.9ರಲ್ಲಿ ಇನ್‌ಸ್ಟಾಲ್ ಆಗುತ್ತದೆ, ಇಂಪೋರ್ಟ್ ಆಗುವುದಿಲ್ಲ. ‘ಮ್ಯಾಚ್’ ಬಂದಿದ್ದು 3.10ರಲ್ಲಿ. ಹಾಗಾಗಿ ನೀವು ಮಾತು ಕೊಟ್ಟ ಅತಿ ಹಳೆಯ ಆವೃತ್ತಿಯಲ್ಲೂ, ಅತಿ ಹೊಸದರಲ್ಲೂ ಒಮ್ಮೆ ಓಡಿಸಿ. ಆವೃತ್ತಿಗಳು ಜಾಸ್ತಿ ಇದ್ದರೆ ‘ಟಾಕ್ಸ್’ ಅಥವಾ ‘ನಾಕ್ಸ್’ ಎಂಬ ಉಪಕರಣ ಬಳಸಿ. ಒಂದೊಂದಕ್ಕೂ ವೆನ್ವ್ ಮಾಡುವ ಕೆಲಸವನ್ನು ಅವೇ ನೋಡಿಕೊಳ್ಳುತ್ತವೆ.

7. ಕನ್ನಡ ಅಕ್ಷರ ಇದ್ದರೆ ವಿಂಡೋಸ್ ಪರೀಕ್ಷೆ ಬಿಡಲೇಬೇಡಿ

ಕನ್ನಡದ ಕೆಲಸ ಮಾಡುವ ಲೈಬ್ರರಿ ಬರೆಯುವವರಿಗೆ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಎನ್‌ಕೋಡಿಂಗ್ ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಕ್ರಮ. ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಲಿನಕ್ಸ್, ಮ್ಯಾಕ್‌ಗಳಲ್ಲಿ ಪೈಥಾನ್ ಸಾಮಾನ್ಯವಾಗಿ ಫೈಲನ್ನು ಯುಟಿಎಫ್-8 ಅಂತಲೇ ಓದುತ್ತದೆ. ವಿಂಡೋಸ್‌ನಲ್ಲಿ, ನೀವು ಏನೂ ಹೇಳದಿದ್ದರೆ, 3.14ರವರೆಗಿನ ಪೈಥಾನ್‌ಗಳು ಆ ಯಂತ್ರದ ಹಳೆಯ ಕೋಡ್ ಪೇಜ್ (ಅಂದರೆ ಬೇರೊಂದು ಎನ್‌ಕೋಡಿಂಗ್) ಬಳಸುತ್ತವೆ. ಇಂಗ್ಲಿಷ್ ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ 1252. ಅದರಲ್ಲಿ 129, 141ರಂಥ ಐದು ಬೈಟ್‌ಗಳಿಗೆ ಅಕ್ಷರವೇ ಇಲ್ಲ.

ಈಗ ನೋಡಿ. ಕನ್ನಡದ ಕೊಂಬು, ಅಂದರೆ ‘ು’, ಯುಟಿಎಫ್-8ರಲ್ಲಿ 129ರಿಂದ ಮುಗಿಯುತ್ತದೆ. ಒತ್ತಕ್ಷರಕ್ಕೂ ಅರ್ಧಾಕ್ಷರಕ್ಕೂ ಬೇಕಾದ ‘್’ 141ರಿಂದ ಮುಗಿಯುತ್ತದೆ. ಕೊಂಬೂ ಒತ್ತೂ ಇಲ್ಲದ ಕನ್ನಡ ಎಲ್ಲಿದೆ? ‘ಪದಗಳು.ಜೇಸನ್’ ಫೈಲಿನ ಮೊದಲ ಪದ ‘ಒಂದು’. ಅದರ ಕೊನೆಯ ಕೊಂಬಿಗೇ ಪೈಥಾನ್ ‘ಯೂನಿಕೋಡ್ ಡೀಕೋಡ್ ಎರರ್’ ಅಂತ ನಿಂತುಬಿಡುತ್ತದೆ. ನಿಮ್ಮ ಲಿನಕ್ಸ್‌ನಲ್ಲಿ ಸಾವಿರ ಟೆಸ್ಟ್ ಪಾಸಾಗಿರಲಿ, ವಿಂಡೋಸ್ ಬಳಸುವ ಶಿಕ್ಷಕರಿಗೋ ವಿದ್ಯಾರ್ಥಿಗೋ ಒಂದು ಸಂಖ್ಯೆಯೂ ಬರುವುದಿಲ್ಲ. ನಮ್ಮ ಭಾಷೆಯ ಉಪಕರಣ ನಮ್ಮವರ ಕಂಪ್ಯೂಟರಿನಲ್ಲೇ ನಡೆಯದಿದ್ದರೆ ಬೇಸರ ಅಲ್ವಾ?

ಪರಿಹಾರ ಸಣ್ಣದು. ಫೈಲು ತೆರೆಯುವ ಪ್ರತಿ ಕಡೆ ‘ಎನ್‌ಕೋಡಿಂಗ್=“ಯುಟಿಎಫ್-8”’ ಅಂತ ಬರೆಯಿರಿ. ‘ರೀಡ್_ಟೆಕ್ಸ್ಟ್’ ಬಳಸುವಾಗಲೂ ಬರೆಯಿರಿ. ಎಲ್ಲಿ ಮರೆತಿದ್ದೀರಿ ಅಂತ ಹುಡುಕಲು ವಿಂಡೋಸ್ ಬೇಕಾಗಿಲ್ಲ. ಪೈಥಾನ್ 3.10ರಿಂದ ಈ ಸೌಲಭ್ಯ ಇದೆ:

ಪೈಥಾನ್ -ಎಕ್ಸ್ ವಾರ್ನ್_ಡಿಫಾಲ್ಟ್_ಎನ್‌ಕೋಡಿಂಗ್ -ಎಂ ಪೈಟೆಸ್ಟ್

ಇದರಲ್ಲಿ ಎಕ್ಸ್ ಮಾತ್ರ ದೊಡ್ಡಕ್ಷರ. ಟೆಸ್ಟ್ ಓಡುವಾಗ ಎನ್‌ಕೋಡಿಂಗ್ ಹೇಳದೆ ಫೈಲು ತೆರೆದರೆ ಎಚ್ಚರಿಕೆ ಕೊಡುತ್ತದೆ. ಪೈಥಾನ್ 3.15ರಿಂದ ಯುಟಿಎಫ್-8 ತಾನಾಗಿಯೇ ಬರಲಿದೆ ನಿಜ. ಆದರೆ ಹಳೆಯ ಆವೃತ್ತಿ ಬಳಸುವವರು ಇನ್ನೂ ವರ್ಷಗಟ್ಟಲೆ ಇರುತ್ತಾರೆ.

ಸಾಧ್ಯವಾದರೆ ಗೆಳೆಯರ ವಿಂಡೋಸ್ ಕಂಪ್ಯೂಟರಿಗೆ ವೀಲ್ ಫೈಲನ್ನು ಪೆನ್ ಡ್ರೈವಿನಲ್ಲಿ ಒಯ್ದು ಒಮ್ಮೆ ಓಡಿಸಿ. ಉತ್ತರವನ್ನು ತೆರೆಯ ಮೇಲೆ ನೋಡಿದರೆ ಸಾಲದು, ಒಂದು ಫೈಲಿಗೆ ತಿರುಗಿಸಿಯೂ ನೋಡಿ. ತೆರೆಯ ಮೇಲೆ ಸರಿ ಕಂಡ ಕನ್ನಡ ಫೈಲಿಗೆ ತಿರುಗಿಸಿದಾಗ ಅದೇ ಕೋಡ್ ಪೇಜ್‌ಗೆ ಸಿಕ್ಕಿ ಬೀಳಬಹುದು.

8. ನಿಮ್ಮದೇ ಇನ್ನೊಂದು ಪ್ರಾಜೆಕ್ಟಿನಲ್ಲಿ ಬಳಸಿ ನೋಡಿ

ನಿಜವಾದ ಕೆಲಸಕ್ಕೆ ಬಳಸಿದಾಗಲೇ ಫಂಕ್ಷನ್ ಹೆಸರು ಹೊಂದುತ್ತಿಲ್ಲ, ಸುಳಿವು ಸಾಲದು ಎಂಬುದೆಲ್ಲ ಗೊತ್ತಾಗುವುದು. ಆ ಪ್ರಾಜೆಕ್ಟಿನ ವೆನ್ವ್‌ನಲ್ಲಿ ವೀಲ್‌ನ ದಾರಿ ಕೊಟ್ಟು ಇನ್‌ಸ್ಟಾಲ್ ಮಾಡಿದರಾಯಿತು. ಒಂದೇ ಎಚ್ಚರ. ಆಮೇಲೆ ‘ಪಿಪ್ ಫ್ರೀಜ್’ ಮಾಡಿ ಪಟ್ಟಿ ಉಳಿಸಿದರೆ ಅದರಲ್ಲಿ ನಿಮ್ಮ ಕಂಪ್ಯೂಟರಿನ ಫೋಲ್ಡರ್ ದಾರಿ ಸೇರಿಕೊಂಡಿರುತ್ತದೆ. ಬೇರೆಯವರಿಗೆ ಕೊಡುವ ಮೊದಲು ಆ ಸಾಲು ತಿದ್ದಿ.

9. ವಿವರಣೆಯ ತಪಾಸಣೆ

ಟ್ವೈನ್ ಚೆಕ್ --ಸ್ಟ್ರಿಕ್ಟ್ ಡಿಸ್ಟ್/*

ನಿಮ್ಮ ‘ರೀಡ್‌ಮಿ’ ಪೈಪಿಐ ಪುಟದಲ್ಲಿ ಸರಿಯಾಗಿ ಮೂಡುತ್ತದೆಯೇ ಅಂತ ಇದು ನೋಡುತ್ತದೆ. ಕೋಡ್ ಸರಿ ಇದೆಯೇ ಅಂತ ನೋಡುವುದಿಲ್ಲ. ‘ಪಾಸ್ಡ್’ ಅಂತ ಬಂತು ಅಂತ ಮೇಲಿನ ಹೆಜ್ಜೆಗಳನ್ನು ಬಿಡಬೇಡಿ.

10. ಟೆಸ್ಟ್‌ಪೈಪಿಐಯಲ್ಲಿ ತಾಲೀಮು

ಟೆಸ್ಟ್‌ಪೈಪಿಐ ಪೈಪಿಐಯದೇ ರೂಪದ ಇನ್ನೊಂದು ತಾಣ, ಅಭ್ಯಾಸಕ್ಕೆ ಅಂತಲೇ ಇರುವುದು. ಖಾತೆ ಬೇರೆ, ಟೋಕನ್ ಬೇರೆ. ಅಲ್ಲಿನ ಪ್ಯಾಕೇಜ್‌ಗಳನ್ನು ಆಗಾಗ ಅಳಿಸಬಹುದು, ಹಾಗಾಗಿ ಅದನ್ನೇ ನಂಬಿ ಕೂರಬೇಡಿ. ಏರಿಸಲು:

ಟ್ವೈನ್ ಅಪ್‌ಲೋಡ್ -ಆರ್ ಟೆಸ್ಟ್‌ಪೈಪಿಐ ಡಿಸ್ಟ್/*

ಇಲ್ಲಿಯೂ ಒಂದು ಫೈಲಿನ ಹೆಸರು ಒಮ್ಮೆ ಮಾತ್ರ. ಆದ್ದರಿಂದ ತಾಲೀಮಿಗೆ 0.1.0.ಡೆವ್1, ಡೆವ್2 ಅಂತ ಆವೃತ್ತಿ ಕೊಡುತ್ತಾ ಹೋಗಿ.

ಅಲ್ಲಿಂದ ಇನ್‌ಸ್ಟಾಲ್ ಮಾಡುವಾಗ ಒಂದು ದೊಡ್ಡ ಗುಂಡಿ ಇದೆ. ನಿಮ್ಮ ಲೈಬ್ರರಿಗೆ ಬೇಕಾದ ಇತರ ಪ್ಯಾಕೇಜ್‌ಗಳು ಟೆಸ್ಟ್‌ಪೈಪಿಐಯಲ್ಲಿ ಇಲ್ಲದಿರಬಹುದು. ಅದಕ್ಕೆ ಹಲವರು ‘--ಎಕ್ಸ್‌ಟ್ರಾ-ಇಂಡೆಕ್ಸ್-ಯುಆರ್‌ಎಲ್’ ಕೊಟ್ಟು ಎರಡೂ ಉಗ್ರಾಣಗಳಿಂದ ತೆಗೆದುಕೊಳ್ಳುತ್ತಾರೆ. ಆಗ ಪಿಪ್‌ಗೆ ಎರಡೂ ಸಮಾನ, ಯಾವುದರಲ್ಲಿ ದೊಡ್ಡ ಆವೃತ್ತಿ ಇದೆಯೋ ಅದನ್ನು ಎತ್ತಿಕೊಳ್ಳುತ್ತದೆ. ಟೆಸ್ಟ್‌ಪೈಪಿಐಯಲ್ಲಿ ಯಾರು ಬೇಕಾದರೂ ಹೆಸರಾಂತ ಪ್ಯಾಕೇಜಿನ ಹೆಸರಿನಲ್ಲಿ ಏನನ್ನಾದರೂ ಹಾಕಿರಬಹುದು. ಎರಡು ಉಗ್ರಾಣ ಬೆರೆತರೆ ಏನಾಗುತ್ತದೆ ಎಂಬುದು 2022ರ ಡಿಸೆಂಬರಿನಲ್ಲಿ ಕಂಡಿತು. ಪೈಟಾರ್ಚ್ ಎಂಬ ಹೆಸರಾಂತ ಲೈಬ್ರರಿಯ ನೈಟ್ಲಿ (ದಿನದಿನವೂ ಕಟ್ಟುವ ಪರೀಕ್ಷಾರ್ಥ) ಆವೃತ್ತಿಗೆ ಬೇಕಾಗಿದ್ದ ‘ಟಾರ್ಚ್‌ಟ್ರೈಟನ್’ ಎಂಬ ಹೆಸರಿನಲ್ಲೇ ಯಾರೋ ಪೈಪಿಐಯಲ್ಲಿ ಕೆಟ್ಟ ಪ್ಯಾಕೇಜ್ ಹಾಕಿದರು. ಲಿನಕ್ಸ್‌ನಲ್ಲಿ ಪಿಪ್‌ನಿಂದ ಇನ್‌ಸ್ಟಾಲ್ ಮಾಡಿಕೊಂಡವರಿಗೆ ಅಸಲಿಯ ಬದಲು ಅದೇ ಬಂದು ಕೂತಿತು.

ಸುರಕ್ಷಿತ ದಾರಿ ಹೀಗೆ. ಮೊದಲು ಅವಲಂಬನೆಗಳನ್ನು ಎಂದಿನಂತೆ ಪೈಪಿಐಯಿಂದ ಇನ್‌ಸ್ಟಾಲ್ ಮಾಡಿ. ಆಮೇಲೆ ನಿಮ್ಮದೊಂದನ್ನು ಮಾತ್ರ ತನ್ನಿ:

ಪಿಪ್ ಇನ್‌ಸ್ಟಾಲ್ --ಇಂಡೆಕ್ಸ್-ಯುಆರ್‌ಎಲ್ (ಟೆಸ್ಟ್‌ಪೈಪಿಐಯ ‘ಸಿಂಪಲ್’ ವಿಳಾಸ) --ನೋ-ಡೆಪ್ಸ್ ಎಣಿಕೆ==0.1.0.ಡೆವ್1

‘--ನೋ-ಡೆಪ್ಸ್’ ಅಂದರೆ ಬೇರೆ ಏನನ್ನೂ ತರಬೇಡ ಅಂತ. ಆವೃತ್ತಿಯನ್ನು ಪೂರ್ತಿ ಬರೆಯಿರಿ, ಇಲ್ಲದಿದ್ದರೆ ಪಿಪ್ ‘ಡೆವ್’ ಆವೃತ್ತಿಗಳನ್ನು ಸಾಮಾನ್ಯವಾಗಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

11. ಈಗ ನಿಜವಾಗಿ ಏರಿಸಿ

ಆವೃತ್ತಿ ಸಂಖ್ಯೆಯನ್ನು 0.1.0 ಮಾಡಿ. ‘ಡಿಸ್ಟ್’ ಅಳಿಸಿ, ಮತ್ತೆ ಕಟ್ಟಿ, 4 ಮತ್ತು 5ನೇ ಹೆಜ್ಜೆಗಳನ್ನು ಈ ಹೊಸ ಫೈಲಿನ ಮೇಲೆ ಇನ್ನೊಮ್ಮೆ ಮಾಡಿ. ಪೈಪಿಐ ಖಾತೆಗೆ 2024ರ ಜನವರಿ 1ರಿಂದ ಎರಡು ಹಂತದ ದೃಢೀಕರಣ ಕಡ್ಡಾಯ, ಅದನ್ನು ಮುಂಚೆಯೇ ಸಿದ್ಧ ಮಾಡಿಕೊಳ್ಳಿ. ಟೋಕನನ್ನು ಪ್ರಾಜೆಕ್ಟ್ ಫೋಲ್ಡರಿನಲ್ಲಿ ಇಡಬೇಡಿ.

ಏರಿಸಿದ ಕೂಡಲೇ ಹೊಸ ವೆನ್ವ್ ಮಾಡಿ ಪೈಪಿಐಯಿಂದಲೇ ಇನ್‌ಸ್ಟಾಲ್ ಮಾಡಿ, 125000 ಕೊಟ್ಟು ಉತ್ತರ ನೋಡಿ. ಏನಾದರೂ ಮುರಿದಿದ್ದರೆ ಗಾಬರಿಯಾಗಿ ಅಳಿಸಬೇಡಿ. ಪೈಪಿಐ ಪುಟದಲ್ಲಿ ‘ಯಾಂಕ್’ ಎಂಬ ಆಯ್ಕೆ ಇದೆ. ಹಾಗೆ ಗುರುತು ಹಾಕಿದ ಆವೃತ್ತಿಯನ್ನು ಪಿಪ್ ಹೊಸಬರಿಗೆ ಕೊಡುವುದಿಲ್ಲ, ಅದೇ ಆವೃತ್ತಿ ಬೇಕು ಅಂತ ಬರೆದಿಟ್ಟವರಿಗೆ ಮಾತ್ರ ಸಿಗುತ್ತದೆ. ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ, 0.1.1ಕ್ಕೆ ಕೆಲಸ ಶುರುಮಾಡಿ.